ಸಾಲಾಗಿ ಹುಟ್ಟಿದ ಜಾಲಿ

ಬೆಳಿಗ್ಗೆ ಏಳಕ್ಕೇ ರಾವಸಾಹೇಬ ಗುದ್ದಲಿ, ಕೊಡಲಿ, ಬುತ್ತಿ ಎಲ್ಲವನ್ನೂ ಬೈಕಿಗೆ ಬಿಗಿದದ್ದು ನೋಡಿ ಹೆಂಡತಿ ಗೌರಾಬಾಯಿಗೆ ನಗು ತಡೆಯಲಾಗಲಿಲ್ಲ.

"ದ್ರಾಕ್ಷಿ ತ್ವಾಟದಾಗ ಒಂದ್ ಕಡ್ಡಿ ಎತ್ತಿಡದವ್ರು ಇವತ್ತ ಜಾಲಿ ಕಡ್ಯಾಕ ಹೊಂಟಾರ ನೋಡವ್ವಾ!"

"ನಗು, ನಗು. ಈ ವರ್ಷ ತಗೀಲಿಲ್ಲಂದ್ರ ಅಜ್ಜನ ಕಾಲದ ಬೇವಿನ ಗಿಡ ಒಂದೂ ಉಳಿಯಂಗಿಲ್ಲ," ಎಂದು ಆತ ಕಿಕ್ ಹೊಡೆದ.

ಮಾತು ಸುಳ್ಳಲ್ಲ. ತೆಲಸಂಗ ಊರಿನಾಚೆಯ ಅವನ ಆರು ಎಕರೆ ಮರಡಿ ಉಳಲು ಬಾರದ ಕಲ್ಲುನೆಲ. ಅದಕ್ಕೇ ಅಲ್ಲಿ ಬೇವು, ಬನ್ನಿ, ಬಾರೆ ತಮ್ಮಷ್ಟಕ್ಕೆ ಬೆಳೆದು ಸಣ್ಣ ಅಡವಿಯೇ ಆಗಿತ್ತು. ಈಗ ಬಳ್ಳಾರಿ ಜಾಲಿ ನುಗ್ಗಿ ಒಳಗೆ ಕಾಲಿಡಲು ಜಾಗವಿಲ್ಲ, ಅರ್ಧದಷ್ಟು ಬೇವು ನಿಂತಲ್ಲೇ ಒಣಗಿವೆ. ಇದು ಯಾರ ತಪ್ಪು ಅಂತ ಕೇಳಿದರೆ ರಾವಸಾಹೇಬನ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು: ಆಡು ಕಾಯುವ ಭರಮುನದು.

ನಾಲ್ಕು ವರ್ಷದ ಹಿಂದೆ ಅಣ್ಣಾಸಾಬನ ಚಹಾದಂಗಡಿಯಲ್ಲಿ, ಹತ್ತು ಮಂದಿಯ ನಡುವೆ, ಅದನ್ನೇ ಕೂಗಿ ಹೇಳಿದ್ದ. "ನಿನ್ನ ಆಡು ಜಾಲಿಕಾಯಿ ತಿಂದು ಹಿಕ್ಕಿ ಹಾಕಿ ನನ್ನ ಅಡವಿ ಕೆಡಿಸ್ಯಾವಲೇ! ಇನ್ನ ಅತ್ತ ಹಾದ್ರ ಕಾಲ ಮುರೀತೇನಿ." ಭರಮು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ. ತಲೆಮಾರಿನಿಂದ ಅವನ ಮನೆಯವರ ಆಡು ಬೇಸಿಗೆಯಲ್ಲಿ ಮೇಯುತ್ತಿದ್ದುದು ಅದೇ ಮರಡಿಯಲ್ಲಿ. ಮೇವು ತಪ್ಪಿ ನಲವತ್ತು ಆಡು ಒಂಬತ್ತಕ್ಕೆ ಇಳಿದವು.

ಕೂಲಿಗೆ ಬಂದ ಭೀಮಸಿ ಕೆಲಸ ಬಲ್ಲ ಆಳು. ರಾವಸಾಹೇಬ ಕೊಡಲಿ ಎತ್ತಿದ್ದೇ ತಡ, "ಬರೇ ಬುಡ ಕಡದ್ರ ಒಂದಿದ್ದದ್ದು ನಾಕಾಗಿ ಚಿಗೀತೈತ್ರಿ, ಮೊಳ ಆಳ ತೋಡಿ ಬೇರಿನ ಗಂಟನ್ನ ತಗೀಬೇಕು" ಎಂದು ತಡೆದ. ಇಬ್ಬರೂ ಮೂಡಣ ಒಡ್ಡಿನಿಂದ ತೋಡುತ್ತ ಬಂದರು. ಊಟದ ಹೊತ್ತಿಗೆ ಭೀಮಸಿ ಸೊಂಟ ನೆಟ್ಟಗೆ ಮಾಡಿ ಹಿಂದೆ ತಿರುಗಿ ನೋಡಿದ.

"ಸಾವಕಾರ್ರ, ತೊಡಿ ಗಾತ್ರದ ಹಳೇ ಗಿಡ ಎಲ್ಲಾ ಈ ಒಡ್ಡಿನ ಮ್ಯಾಲೇ ಅದಾವ ನೋಡ್ರಿ. ಒಳಗಿನವು ಎಲ್ಲಾ ಸಣ್ಣವು. ಇಲ್ಲಿ ಯಾರೋ ಮುಳ್ಳಬೇಲಿ ಹಚ್ಚಿದ್ರು."

"ಬೇಲಿ ಎಲ್ಲೀದು? ಆಡಿನ ಹಿಕ್ಕಿಲೆ ಹುಟ್ಟೇತಿ."

ಭೀಮಸಿ ಗಹಗಹಿಸಿ ನಕ್ಕ. "ಆಡು ಹಗ್ಗ ಹಿಡದಂಗ ಸಾಲಾಗಿ ಹಿಕ್ಕಿ ಹಾಕ್ತಾವೇನ್ರಿ?"

ರಾವಸಾಹೇಬನಿಗೆ ನಗು ಬರಲಿಲ್ಲ. ಬೇಲಿ ನೆನಪಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಊರ ದನ ಒಳಗೆ ಬರಬಾರದೆಂದು, ಹಳ್ಳದ ದಂಡೆಯ ಜಾಲಿ ಕಡಿಸಿ ಮೂರು ಚಕ್ಕಡಿ ಮುಳ್ಳು ತಂದು ಇದೇ ಒಡ್ಡಿಗೆ ಹಾಕಿಸಿದವನು ತಾನೇ. ಟೊಂಗೆಗಳ ತುಂಬ ಹಳದಿ ಕಾಯಿ ಜೋತಾಡುತ್ತಿದ್ದವು. ಅಯ್ಯೋ, ಅದನ್ನು ಚಕ್ಕಡಿಯಿಂದ ಇಳಿಸಿದವನಾದರೂ ಯಾರು? ಭರಮು! "ಕಾಯಿ ಬಡದು ಹಾಕೂಣ್ರಿ, ಇಲ್ಲಂದ್ರ ಇಲ್ಲೇ ಹುಟ್ಟತಾವ" ಅಂದಿದ್ದ ಪುಣ್ಯಾತ್ಮ. "ನಿನ್ನ ಶಾಣ್ಯಾತನ ನಿನ್ನ ಆಡಿಗೆ ಹೇಳು ಹೋಗು" ಎಂದು ಗದರಿಸಿದ್ದೂ ಈಗ ಕಿವಿಯಲ್ಲಿ ಕೇಳಿಸಿತು. ಕಿವಿ ಬಿಸಿಯಾದವು. ಬುತ್ತಿ ಬಿಚ್ಚಿದ. ಅದನ್ನು ಭೀಮಸಿಗೇ ಕೊಟ್ಟ.

ಸಂಜೆ ಭರಮುನ ಮನೆಯ ಮುಂದೆ ನಿಂತಾಗ ತಲೆ ಎತ್ತಲಾಗಲಿಲ್ಲ. ಮರಿಗಳನ್ನು ಕಟ್ಟುತ್ತಿದ್ದ ಭರಮುನ ಹೆಂಡತಿ ತಾರವ್ವ ಇವನನ್ನು ನೋಡಿಯೂ ನೋಡದಂತೆ ಕೆಲಸ ಮುಂದುವರಿಸಿದಳು.

"ಭರಮು, ಆ ಬೇಲಿ ನಾನ ಹಾಕ್ಸಿದ್ದು. ನಿನಗ ಗೊತ್ತಿತ್ತು. ಅವತ್ತ ಯಾಕ ಬಾಯಿ ಬಿಡಲಿಲ್ಲೋ?"

"ಬಿಟ್ಟಿದ್ರ ನೀವು ನಂಬತಿದ್ರೇನ್ರಿ?" ಎಂದ ಭರಮು ಮೆತ್ತಗೆ. "ಮತ್ತ ನನ್ನ ಆಡೂ ಕಾಯಿ ತಿಂದಾವ, ಸುಳ್ಳ ಯಾಕ ಹೇಳ್ಲಿ? ಒಳಗಿನ ಗಿಡದಾಗ ಒಂದಿಷ್ಟು ಅವುಗಳದ್ದೇ."

"ನಂದು ದೊಡ್ಡ ತಪ್ಪಾತಪಾ. ನನಗ ಭಾಳ ನಾಚಿಕಿ ಆಗೇತಿ."

ಆಗ ತಾರವ್ವ ಎದ್ದು ನಿಂತಳು. "ನಮ್ಮ ಅಂಗಳದಾಗ ನಾಚಿದ್ರ ಏನ್ ಬಂತ್ರಿ? ಇಲ್ಲಿ ಕೇಳವ್ರು ಮೂರು ಆಡಿನ ಮರಿ. ಬೈದದ್ದು ಎಲ್ಲಿ ಬೈದ್ರಿ, ಅಲ್ಲಿ ಹೇಳ್ರಿ."

"ಲೇ, ಸುಮ್ನಿರಽ," ಎಂದ ಭರಮು.

"ನಾಕ್ ವರ್ಷ ಸುಮ್ನ ಇದ್ದೇನಿ," ಎಂದಳು ಆಕೆ.

ಮರುದಿನ ಬೆಳಿಗ್ಗೆ ಅಣ್ಣಾಸಾಬನ ಅಂಗಡಿ ತುಂಬಿತ್ತು. ರಾವಸಾಹೇಬ ಎರಡು ಚಹಾ ಕುಡಿದ. ಎರಡು ಸಲ ಏಳಲು ಹೋಗಿ ಕೂತ. ಆರಾಮ ಇಲ್ಲೇನ್ರಿ ಅಂತ ಅಣ್ಣಾಸಾಬ ಕೇಳಿಯೇಬಿಟ್ಟ. ಕೊನೆಗೆ ಎದ್ದು, ಯಾರ ಮುಖವನ್ನೂ ನೋಡದೆ, "ಮರಡಿಗೆ ಜಾಲಿ ತಂದವ ನಾನು. ಕಾಯಿ ಸಮೇತ ಮುಳ್ಳು ತಂದು ಬೇಲಿ ಹಾಕ್ಸಿದ್ನಿ. ಭರಮು ಬ್ಯಾಡಂದ್ರೂ ಕೇಳಲಿಲ್ಲ. ಇಲ್ಲೇ ನಿಂತು ಅವನಿಗೆ ಬೈದದ್ದು ಸುಳ್ಳು," ಎಂದ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಬೆವರು ಒರೆಸಿಕೊಂಡು ಹೊರಬಿದ್ದವನಿಗೆ ಬೈಕಿನ ಕೀಲಿ ಯಾವ ಕಿಸೆಯಲ್ಲಿದೆ ಎಂಬುದೇ ತಿಳಿಯಲಿಲ್ಲ.

ಮರಡಿಗೆ ಹೋದರೆ ಭರಮು ಗುದ್ದಲಿ ಹೆಗಲಿಗಿಟ್ಟುಕೊಂಡು ಒಡ್ಡಿನ ಹೊರಗೇ ನಿಂತಿದ್ದ. ಸುದ್ದಿ ಬೈಕಿಗಿಂತ ಮುಂಚೆ ಬಂದಿರಬೇಕು.

"ಆಡು ಎಲ್ಲಿ?"

"ಈಗ ಜಾಲಿಕಾಯಿ ಹಣ್ಣಾಗೂ ಹೊತ್ರಿ, ಆಡು ತಿಂದ್ರ ಮತ್ತ ಹುಟ್ಟತಾವ. ಮೊದಲ ಕಾಯಿ ಆರಿಸಿ ಸುಡೂಣು. ಆಮ್ಯಾಲ ತರತೇನಿ."

"ಬಾ ಒಳಗ," ಎಂದು ರಾವಸಾಹೇಬ ತಾನು ಮುಂದೆ ನಡೆದ.

ಭರಮು ಒಡ್ಡು ದಾಟಿದ. ನಾಲ್ಕು ಹೆಜ್ಜೆ ನಡೆದವನು ತಟ್ಟನೆ ನಿಂತು ರಾವಸಾಹೇಬನ ಕಾಲಿನತ್ತ ಬೆರಳು ತೋರಿಸಿದ.

"ಸಾವಕಾರ್ರ, ಕಾಲ ತಗೀರಿ."

ನೋಡಿದರೆ ಚಪ್ಪಲಿಯ ಕೆಳಗೆ ಗೇಣುದ್ದದ ಬೇವಿನ ಸಸಿ. ಸುತ್ತ ಜಾಲಿಯ ನೆರಳಲ್ಲಿ ಅಂಥವು ಇನ್ನೂ ಏಳೆಂಟು ಇದ್ದವು. ನಿನ್ನೆಯಿಡೀ ಇಲ್ಲೇ ಓಡಾಡಿದ್ದರೂ ಅವನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ರಾವಸಾಹೇಬ ಕಾಲು ತೆಗೆದು ಅಲ್ಲೇ ಮೊಣಕಾಲೂರಿದ. ಬಾಗಿದ ಸಸಿಯನ್ನು ಎತ್ತಿ ಹಿಡಿದು, "ಆಸರಕ್ಕ ಒಂದ್ ಕಡ್ಡಿ ಕೊಡೋ ಭರಮು," ಎಂದ.