ಬೆಳಕಿಂಡಿಯ ಮೇಲೆ ಕೂರಿಸಿದರು ನನ್ನನ್ನು

ನಾನು ಒಂದು ಸೋಲಾರ್ ಫಲಕ. ನನ್ನ ಮೂಲ ಮರಳು. ಕುಲುಮೆಯಲ್ಲಿ ಕರಗಿ, ಗಾಜು ಹೊದ್ದು, ಚೌಕಟ್ಟಿನೊಳಗೆ ಕೂತಾಗ ನನಗೊಂದು ಹೆಸರೂ ಇರಲಿಲ್ಲ. ಬೆನ್ನ ಮೇಲೆ ಅಂಟಿಸಿದ ನಂಬರೊಂದೇ. ಸೂರ್ಯದೇವನಿಗೆ ಮುಖ ಕೊಟ್ಟು ಕೂರುವುದು, ಅವನು ಕೊಟ್ಟದ್ದನ್ನು ಮನೆಯೊಳಕ್ಕೆ ಇಳಿಸುವುದು. ನನ್ನ ಪಾಲಿನ ಪೂಜೆ ಇಷ್ಟೇ.

ಮಲಪ್ರಭೆಯ ದಂಡೆಯ ನೇಕಾರರ ಓಣಿಗೆ ನನ್ನನ್ನು ತಂದವನು ಉಮಾಪತಿ ಎಂಬ ಎಂಜಿನಿಯರ್. ರವಿಕೆಯ ಖಣ ನೇಯುವ ನೀಲವ್ವನ ಬಿದ್ದ ಮನೆಯನ್ನು ಅವನು ಮತ್ತೆ ಕಟ್ಟುತ್ತಿದ್ದ. ನೀಲವ್ವ ಅವನನ್ನು ಕೇಳಿಕೊಂಡಿದ್ದು ಒಂದೇ ಮಾತು: ಒಬ್ಬಳೇ ಮಗಳು ಗುರುದೇವಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಹೆರಿಗೆ ಚೈತ್ರದ ಬಿಸಿಲಲ್ಲಿ, ಅವಳು ಮಲಗುವ ಕೋಣೆ ತಣ್ಣಗಿರಬೇಕು.

ಉಮಾಪತಿ ಒಂದು ತಿಂಗಳು ಓಣಿಯ ಹಳೆಯ ಮನೆಗಳನ್ನೇ ಅಳೆದ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ತೊಲೆಗಳ ಮೇಲೆ ಬಿಳಿ ಹಾಳಮಣ್ಣು ಬಡಿದ ಮಾಳಿಗೆ, ಕುಣಿಮಗ್ಗದ ನೆತ್ತಿಯ ಮೇಲೆ ಕಲ್ಲಿನ ಬಳೆ ತೊಟ್ಟ ಬೆಳಕಿಂಡಿ. ಎಲ್ಲವನ್ನೂ ಹಾಗೆಯೇ ಕಟ್ಟಿದ. ತಾನೇ ಮಣ್ಣು ತುಳಿದ. ಕಡೆಗೆ ನನ್ನ ಸರದಿ ಬಂತು.

ಮಾಳಿಗೆ ಬಡಿದ ಹನಮಂತಜ್ಜ ಮೊದಲೇ ಹೇಳಿಬಿಟ್ಟಿದ್ದ, "ಹಾಳಮಣ್ಣಿಗೆ ಒಂದ್ ಮೊಳಿ ಬಿದ್ರೂ ಮನಿ ಸೋರ್ತದ ತಮ್ಮಾ." ಉಮಾಪತಿಗೆ ಅದು ವೇದವಾಕ್ಯ. ಇಡೀ ಮಾಳಿಗೆಯಲ್ಲಿ ಬೋಲ್ಟು ಹಿಡಿಯುವ ಕಲ್ಲೆಂದರೆ ಬೆಳಕಿಂಡಿಯ ಬಳೆ ಮಾತ್ರ. ನನ್ನನ್ನು ಅಲ್ಲಿಯೇ, ಕಿಂಡಿ ಮುಚ್ಚುವಂತೆ ಬಿಗಿದ.

"ಬೆಳಕಿನ ಬಾಯಾಗ ಬೆಳಕಿನ ಮಷೀನು ತುರುಕಿದಿ ನೋಡು," ಎಂದು ಅಜ್ಜ ನಕ್ಕ.

"ಕೆಳಗ ಬಲ್ಬ್ ಐತಲ್ಲಜ್ಜಾ," ಎಂದ ಉಮಾಪತಿ.

ನೀಲವ್ವ ಏಣಿ ಹತ್ತಿ ನೋಡಿದಳು. ಹುಡುಗನ ಅಂಗೈಯ ಗುಳ್ಳೆಗಳನ್ನೂ ನೋಡಿದಳು. ಛಲೋ ಆತಪಾ ಎಂದಷ್ಟೇ ಹೇಳಿ ಇಳಿದು ಹೋದಳು.

ನನ್ನ ಬೆನ್ನ ಕೆಳಗೆ ಅವಳ ದಿನಗಳು ಸಾಗಿದವು. ಲಾಳಿಯ ತಾಳಕ್ಕೆ ಅವಳು ತತ್ವಪದ ಹೇಳಿಕೊಳ್ಳುವಳು. ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಆದರೆ ಪದದ ನಡುವೆ ಅವಳು ಆಗಾಗ ನಿಲ್ಲುತ್ತಿದ್ದಳು. ಬಲ್ಬಿನ ಬೆಳಕಲ್ಲಿ ನೂಲಿನ ಬಣ್ಣ ಗುರುತು ಹತ್ತುತ್ತಿರಲಿಲ್ಲ.

ಬಸುರಿ ಮಗಳ ಉಡಿ ತುಂಬುವ ಕುಬಸದ ಶಾಸ್ತ್ರಕ್ಕೆ ಹಸಿರು ಖಣವನ್ನು ತಾನೇ ನೇಯುವೆನೆಂದು ಅವಳು ಹರಕೆ ಹೊತ್ತಿದ್ದಳು. ಮಡಿಯಲ್ಲಿ, ನೂಲನ್ನು ಹೊಸ್ತಿಲು ದಾಟಿಸದೆ ನೇಯ್ದು, ಮಗ್ಗದಲ್ಲೇ ಮಡಚಿ, ದೇವರ ಮುಂದಿಟ್ಟರೆ, ಉಡಿ ತುಂಬುವ ತನಕ ಬಿಚ್ಚುವಂತಿಲ್ಲ. ಅದು ಆ ಮನೆಯ ಪದ್ಧತಿ. ಒಂದು ಮಧ್ಯಾಹ್ನ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ತೀರಿತು. ಬುಟ್ಟಿಯಿಂದ ಎರಡು ತೆಗೆದು ಬಲ್ಬಿಗೆ ಹಿಡಿದಳೆಂದು ತೋರುತ್ತದೆ. "ಎರಡೂ ಒಂದಾ ಕಾಣ್ತಾವಲ್ಲೋ ಶಿವನೇ," ಎಂದಳು.

ನನ್ನ ಮುಖದ ತುಂಬ ಬಿಸಿಲಿತ್ತು. ಬೆನ್ನ ಕೆಳಗೆ ಒಬ್ಬ ತಾಯಿ ಒಂದು ಬೆರಳಗಲ ಬಿಸಿಲಿಗೆ ಹುಡುಕಾಡುತ್ತಿದ್ದಳು. ನಾನು ಒಂದಿಷ್ಟೂ ಸರಿಯಲಾರದೆ ಹೋದೆ. ಲಾಳಿ ಮತ್ತೆ ಓಡಿತು.

ಕುಬಸದ ದಿನ ಅಂಗಳ ತುಂಬಿತ್ತು. ಹಸಿರು ಬಳೆ ತೊಟ್ಟು ಗುರುದೇವಿ ಮಣೆಯ ಮೇಲೆ ಕೂತಳು. ಶಾಸ್ತ್ರ ಮುಗಿದ ಮೇಲೆ ಅವಳು ತವರಲ್ಲೇ ಉಳಿಯಬೇಕೆಂದು ಮಾತಾಗಿತ್ತು. ಅವಳ ಅತ್ತೆ ಕಾಶವ್ವ ಖಣ ಬಿಚ್ಚಿದಳು. ಹಸಿರಿನ ನಡುವೆ ಗೇಣಗಲ ಕಪ್ಪು.

ಅಂಗಳದ ಸೋಬಾನೆ ಅರ್ಧಕ್ಕೇ ನಿಂತಿತು.

"ಬಸುರಿ ಉಡಿಯಾಗ ಕರೇದ ಹಾಕ್ತೀಯೇನವಾ?" ಎಂದಳು ಕಾಶವ್ವ.

"ಮಗ್ಗದ ಕಡಿ ಕತ್ತಲಿತ್ರೀ ಬೀಗತಿ. ಬಣ್ಣ ತಿಳೀಲಿಲ್ಲ."

ಕಾಶವ್ವ ತಲೆ ಎತ್ತಿ ನನ್ನನ್ನು ನೋಡಿದಳು. "ಸೋಲಾರ್ ಮನ್ಯಾಗ ಕತ್ತಲಿ ಅಂತ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀಲವ್ವ ಸುಳ್ಳು ಹೇಳಿರಲಿಲ್ಲ. ಆ ಕತ್ತಲೆ ನಾನೇ ಎಂದು ಹೇಳಲು ನನಗೆ ಬಾಯಿರಲಿಲ್ಲ. ಅಪಶಕುನವಾದ ಮನೆಯಲ್ಲಿ ಬಾಣಂತನ ಬೇಡವೆಂದು, ಬಂದ ಟೆಂಪೋದಲ್ಲೇ ಗುರುದೇವಿಯನ್ನು ಹತ್ತಿಸಿಕೊಂಡು ಹೋದರು.

ಸುದ್ದಿ ಕೇಳಿ ಉಮಾಪತಿ ಓಡಿ ಬಂದ. ಅಂಗಳದಂಚಿಗೆ ಒಂದು ಕಲ್ಲುಕಂಬ ನಿಲ್ಲಿಸಿ ನನ್ನನ್ನು ಅದರ ಮೇಲಿಟ್ಟ. ಅರ್ಧ ದಿನದ ಕೆಲಸ, ಅಷ್ಟೇ.

"ಅವತ್ತ ಒಂದ್ ಮಾತು ಹೇಳಬಾರದಿತ್ತೇನವ್ವಾ?"

"ಮಣ್ಣು ತುಳದು ತುಳದು ಸೊರಗಿದ್ದಿ. ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲಪಾ."

ಚೈತ್ರದಲ್ಲಿ ಗುರುದೇವಿ ಗಂಡನ ಮನೆಯ ತಗಡಿನ ಸೂರಿನ ಕೆಳಗೆ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ನೀಲವ್ವ ನೆಂಟಳಂತೆ ಹೋಗಿ ಸಂಜೆಗೆ ತಿರುಗಿ ಬಂದಳು. ಮಗಳಿಗೆಂದು ಕಟ್ಟಿಸಿದ ಕೋಣೆ ಬಾವಿಯ ಹಾಗೆ ತಣ್ಣಗಿತ್ತು. ನಾನು ಕೊಟ್ಟ ಕರೆಂಟಿನಲ್ಲಿ ಫ್ಯಾನು ಬರಿದೇ ತಿರುಗುತ್ತಿತ್ತು. ಅವಳು ಸ್ವಿಚ್ ಆರಿಸಿ, ಕದ ಎಳೆದುಕೊಂಡಳು.

ಆಮೇಲೆ ಎಷ್ಟೋ ಬೇಸಿಗೆ ಕಳೆದವು. ಹೋದ ವರ್ಷ ಆಲಿಕಲ್ಲು ಬಿದ್ದು ನನ್ನ ಗಾಜು ಒಡೆಯಿತು. ಈಗ ಹಿತ್ತಲ ಗೋಡೆಗೆ ಒರಗಿದ್ದೇನೆ. ಬಿಸಿಲನ್ನು ಬೇಡವೆನ್ನಲು ಬಾರದು, ಬಂದದ್ದನ್ನು ಯಾರಿಗೂ ಮುಟ್ಟಿಸಲು ಬಾರದು. ಒಳಗೆ ಲಾಳಿಯ ಸದ್ದು ಕೇಳುತ್ತದೆ. ಬೆಳಕಿಂಡಿಯಿಂದ ಬಿಸಿಲು ನೆಟ್ಟಗೆ ಮಗ್ಗದ ಮೇಲೆ ಇಳಿಯುತ್ತದೆ. ನೀಲವ್ವನಿಗೆ ಹಸಿರು ಹಸಿರಾಗಿಯೇ ಕಾಣುತ್ತದೆ. ಕುಬಸ ಮಾಡಲು ಅವಳಿಗೆ ಇನ್ನೊಬ್ಬ ಮಗಳಿಲ್ಲ.