ಮುಷ್ಟಿಯೊಳಗಿನ ಗೋಧಿ

"ಇಳಿಸ್ರೋ, ಇಲ್ಲೇ ಇಳಿಸಿ," ಎಂದಳು ಓಡಾರ್ಕಾ.

ಶವಪೆಟ್ಟಿಗೆ ಹೊತ್ತವರು ನಿಂತರು. ಮುಂದೆ ಹೆಗಲು ಕೊಟ್ಟಿದ್ದ ಪಾನಾಸ್ ಕತ್ತು ತಿರುಗಿಸಿ ನೋಡಿದ. ಹಸಿರು ಗೇಟು, ಲುಕ್ಯಾನ್ ಮುದುಕನ ಮನೆ.

"ತಲೆ ನೆಟ್ಟಗಿದೆಯೇನೇ? ನಿಮ್ಮಮ್ಮ ಇವನ ಬೇಲಿ ನೆರಳನ್ನೂ ತುಳಿದವಳಲ್ಲ. ಬಾವಿಗೂ ಸುತ್ತು ಬಳಸಿ ಹೋಗ್ತಿದ್ಲು."

"ಅದಕ್ಕೇ ಮಾವ, ಇವತ್ತು ನೇರ ಬಂದಿದಾಳೆ. ಅವಳೇ ಹೇಳಿ ಸತ್ತಿದ್ದು."

ಪೆಟ್ಟಿಗೆಯನ್ನು ಸ್ಟೂಲುಗಳ ಮೇಲಿಟ್ಟರು. ಮುಚ್ಚಳ ಹೊತ್ತವರು ಹಿಂದೆಯೇ ಉಳಿದರು. ತೆರೆದ ಪೆಟ್ಟಿಗೆಯಲ್ಲಿ ಅಮ್ಮ ಯೂಸ್ತಿನಾಳ ಮುಖಕ್ಕೆ ಬಿಸಿಲು ಬಿತ್ತು.

"ಊರಿನ ಮದುವೆ ರೊಟ್ಟಿಯೆಲ್ಲ ಇವಳ ಕೈಯದೇ," ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು. "ಲುಕ್ಯಾನನ ಮಗಳ ಮದುವೆಗೆ ಮಾತ್ರ ಒಲೆ ಕೆಟ್ಟಿದೆ ಅಂದ್ಲು."

"ಕೆಟ್ಟ ಒಲೆಯಿಂದ ಅವತ್ತು ಏನು ಹೊಗೆ ಅಂತೀಯ!"

ಶವ ಯಾರ ಬಾಗಿಲಲ್ಲಿ ಇಳಿದರೂ ಆ ಮನೆಯವರು ಕಸೂತಿ ಬಟ್ಟೆಯ ಮೇಲೆ ರೊಟ್ಟಿ ಹಿಡಿದು ಹೊರಬಂದು ಸತ್ತವರಲ್ಲಿ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ಹೆಣ ಎತ್ತುವಂತಿಲ್ಲ; ಆ ರೊಟ್ಟಿ ತೆಗೆದುಕೊಂಡರೆ ಕ್ಷಮಿಸಿದಂತೆ. ಕಿಟಕಿಯ ಪರದೆ ಅಲುಗಿತು. ಬಾಗಿಲು ತೆರೆಯಲಿಲ್ಲ.

"ನಾವೇನೂ ಓಡಲ್ಲ," ಎಂದು ಓಡಾರ್ಕಾ ಗೇಟಿಗೆ ಒರಗಿದಳು.

*

ಹಸಿವಿನ ಆ ಚಳಿಗಾಲದಲ್ಲಿ ಯೂಸ್ತಿನಾಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಸರ್ಕಾರದ ಧಾನ್ಯ ವಸೂಲಿಯ ತಂಡ ಮನೆಗೆ ನುಗ್ಗಿತು. ಅವರಲ್ಲಿ ಲುಕ್ಯಾನನೂ ಇದ್ದ. ಅದೇ ಬೀದಿಯವನು, ಮೀಸೆ ಆಗಷ್ಟೇ ಚಿಗುರಿತ್ತು. ಕೈಯಲ್ಲಿದ್ದ ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿದ, ಒಲೆ ಕೆದಕಿದ. ಕೊನೆಗೆ ಅವಳ ಪುಟ್ಟ ತಮ್ಮನ ತೊಟ್ಟಿಲಿನಡಿ ಗೋಧಿಯ ಗಂಟು ಸಿಕ್ಕಿತು. ಚೀಲಕ್ಕೆ ಸುರಿಯುವಾಗ ಚೆಲ್ಲಿದ ಕಾಳನ್ನು ಯೂಸ್ತಿನಾ ಬಾಚಿ ಮುಷ್ಟಿ ಕಟ್ಟಿದಳು.

"ಬಿಡ್ಸು," ಅಂದ.

ಅವಳು ಬಿಡಿಸಲಿಲ್ಲ. ಅವನು ಮಂಡಿಯೂರಿ, ಒಂದೊಂದೇ ಬೆರಳನ್ನು ಹಿಂದಕ್ಕೆ ಮಡಚಿ, ಅಂಗೈ ಖಾಲಿ ಮಾಡಿದ.

ಹಿಮ ಕರಗುವ ಮೊದಲೇ ತೊಟ್ಟಿಲೂ ಖಾಲಿಯಾಯಿತು. ಮುಂದೆ ಅವನು ಉಗ್ರಾಣದ ಮೇಲ್ವಿಚಾರಕನಾದ. ಅವಳು ಬದುಕೆಲ್ಲ ಬೀಟ್‌ರೂಟ್ ಕಿತ್ತಳು, ಮಗಳನ್ನು ಸಾಕಿದಳು, ಕಂಡವರ ಮದುವೆಗೆ ರೊಟ್ಟಿ ಸುಟ್ಟಳು. ಸಾಯುವ ಮುನ್ನ ಮಗಳಿಗೆ ಹೇಳುವವರೆಗೆ ತಮ್ಮನ ಮಾತನ್ನು ಯಾರೆದುರೂ ಎತ್ತಲಿಲ್ಲ.

*

ಕಡೆಗೂ ಲುಕ್ಯಾನ್ ಬಂದ. ರೊಟ್ಟಿ ಅಂಗಡಿಯದು, ಅದರಡಿ ಕಸೂತಿ ಬಟ್ಟೆ.

"ಕ್ಷಮಿಸು, ಯೂಸ್ತಿನಾ," ಎಂದು ಗಡಿಬಿಡಿಯಲ್ಲಿ ಹೇಳಿ ಪಾನಾಸನತ್ತ ತಿರುಗಿದ. "ಆಯ್ತಲ್ಲ? ಎತ್ರಪ್ಪಾ."

"ಯಾತಕ್ಕೆ ಕ್ಷಮಿಸಬೇಕು ತಾತ? ಅದನ್ನೂ ಹೇಳಿ."

"ಅಂಥ ಕಾಲ ಅದು. ನಾನೊಬ್ಬನೇ ಹೋಗಿದ್ನೇನೇ ಮನೆಮನೆಗೆ?"

ಓಡಾರ್ಕಾ ಹೊದಿಕೆ ಸರಿಸಿದಳು. ಯೂಸ್ತಿನಾಳ ಎಡಗೈಯಲ್ಲಿ ಮೇಣದ ಬತ್ತಿ. ಬಲಗೈ ಮುಷ್ಟಿ, ಸುತ್ತಲೂ ಕೆಂಪು ದಾರ ಬಿಗಿದಿತ್ತು. ಬೆರಳ ಸಂದಿಯಲ್ಲಿ ಗೋಧಿ ಕಾಣುತ್ತಿತ್ತು.

"ಬಿಡ್ಸು, ತಾತ."

ಮುದುಕ ಆ ಬೆರಳುಗಳನ್ನೇ ನೋಡಿದ. ರೊಟ್ಟಿಯನ್ನು ಮುಂದಕ್ಕೆ ಚಾಚಿದ. ರೊಟ್ಟಿ ಇಸಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ.

"ಈಗ ಎತ್ತು ಮಾವ," ಎಂದಳು ಓಡಾರ್ಕಾ.

ಎತ್ತುವಾಗ ಪೆಟ್ಟಿಗೆ ವಾಲಿತು. ಮುಷ್ಟಿಯಿಂದ ನಾಲ್ಕಾರು ಕಾಳು ಉದುರಿದವು. ಮೆರವಣಿಗೆ ತಿರುವು ದಾಟಿದರೂ ಲುಕ್ಯಾನ್ ರೊಟ್ಟಿ ಹಿಡಿದು ಅಲ್ಲೇ ನಿಂತಿದ್ದ. ಅವನದೇ ಕೋಳಿಗಳು ಬಂದು ಅವನ ಬೂಟುಗಳ ನಡುವೆ ಹೆಕ್ಕತೊಡಗಿದವು. ಅವನು ಕಾಲು ಕದಲಿಸಲಿಲ್ಲ.