ನಾದಿನಿಯ ಗ್ಯಾಲಕ್ಸಿ

ಅತ್ತಿಗೆ, ನಾದಿನಿ ಇಬ್ಬರಿಗೂ ಒಂದೇ ವೀಕ್ಷಣಾಲಯದಲ್ಲಿ ಕೆಲಸ. ಆಕಾಶದಲ್ಲೆಲ್ಲೋ ಗಾಮಾ ಕಿರಣಗಳು ಸ್ಫೋಟಿಸಿ ಕ್ಷಣಮಾತ್ರದಲ್ಲಿ ಮಾಯವಾದರೆ, ಅದು ಯಾವ ಗ್ಯಾಲಕ್ಸಿಯಲ್ಲಿ ನಡೆದದ್ದು ಎಂದು ದೂರದರ್ಶಕದ ಚಿತ್ರಗಳಲ್ಲಿ ಹುಡುಕುವುದು ಅವರ ಕಸುಬು. ಅತ್ತಿಗೆ ಅದರಲ್ಲಿ ಪಳಗಿದವಳು. ನಾದಿನಿ ಸೇರಿ ಇನ್ನೂ ವರ್ಷವಾಗಿರಲಿಲ್ಲ.

ಆ ಸಲದ ಸ್ಫೋಟವನ್ನು ನಾದಿನಿಯ ಪಾಲಿಗೇ ಬಿಟ್ಟಿದ್ದರು. ಸ್ಫೋಟದ ನಂತರ ಉಳಿದಿದ್ದ ಮಿನುಗಿನ ಮಗ್ಗುಲಲ್ಲೇ ಸುರುಳಿ ತೋಳುಗಳ ಚೆಂದದ ಗ್ಯಾಲಕ್ಸಿಯೊಂದು ಅವಳ ಕಣ್ಣಿಗೆ ಬಿತ್ತು. ಇದೇ ಅದರ ಮನೆ ಎಂದು ಹಿರಿಹಿರಿ ಹಿಗ್ಗಿದಳು. ಅವಳ ಅಣ್ಣನಂತೂ ಬೀದಿಗೆಲ್ಲ ಡಂಗುರ ಸಾರಿ ಬಂದ.

ಅಷ್ಟರಲ್ಲಿ ಇನ್ನೊಂದು ದೂರದರ್ಶಕ ಹಿಡಿದಿದ್ದ ಆ ಮಿನುಗಿನ ವರ್ಣಪಟಲ ಅತ್ತಿಗೆಯ ಕಂಪ್ಯೂಟರಿಗೆ ಬಂತು. ಅದರ ಕಪ್ಪು ಗೆರೆಗಳು ಕೆಂಪಿನ ಕಡೆಗೆ ಸರಿದಷ್ಟೂ ದೂರ ಹೆಚ್ಚು; ಅವು ಸರಿದಿದ್ದ ರೀತಿ ನೋಡಿದರೆ, ಸ್ಫೋಟ ನಡೆದದ್ದು ಆ ಸುರುಳಿಗಿಂತ ಎಷ್ಟೋ ಆಚೆ. ಸುರುಳಿ ಸುಮ್ಮನೆ ದಾರಿಯಲ್ಲಿ ನಿಂತಿತ್ತು, ಅಷ್ಟೆ.

ಮರುದಿನ ನಾದಿನಿ ಸಭೆಯಲ್ಲಿ ವರದಿ ಒಪ್ಪಿಸಬೇಕಿತ್ತು. ಹೇಳದಿದ್ದರೆ ಅಲ್ಲಿ ಮುಖಭಂಗ, ಹೇಳಿದರೆ ಈಗಲೇ ಹುಡುಗಿಯ ಮುಖ ಬಾಡುತ್ತದೆ. ಅತ್ತಿಗೆ ಅವಳ ಮೇಜಿನವರೆಗೆ ಹೋಗುವುದು, ಹವಾಮಾನದ ಮಾತಾಡಿ ವಾಪಸಾಗುವುದು, ಇದೇ ನಡೆಯಿತು. ಕೊನೆಗೆ ನಾದಿನಿಯೇ ಕುರ್ಚಿ ಎಳೆದು ಕೂರಿಸಿದಳು.

"ಏನೋ ನುಂಗ್ತಾ ಇದ್ದೀರಲ್ಲ ಅತ್ತಿಗೆ. ಹೇಳಿಬಿಡಿ."

"ನಿನ್ನ ಗ್ಯಾಲಕ್ಸಿ ಅದಲ್ಲಮ್ಮ," ಎಂದು ಅತ್ತಿಗೆ ವರ್ಣಪಟಲವನ್ನು ಮುಂದಿಟ್ಟಳು.

ನಾದಿನಿ ಗೆರೆಗಳನ್ನು ತಾನೇ ಅಳೆದಳು, ಮತ್ತೆ ಅಳೆದಳು. ಕಣ್ಣಂಚು ಒದ್ದೆಯಾಗಿತ್ತು. ಆಮೇಲೆ ಮೂಗೊರೆಸಿಕೊಂಡು, ಹಾಗಾದರೆ ನಿಜವಾದ ಮನೆ ಎಲ್ಲಿ ಎಂದು ಕೇಳಿದಳು. ಮಿನುಗು ಪೂರ್ತಿ ಆರುವವರೆಗೂ ಕಾಯಬೇಕು, ಅದರ ಬೆಳಕಿನಲ್ಲಿ ಮನೆ ಮುಚ್ಚಿಹೋಗಿದೆ ಎಂದಳು ಅತ್ತಿಗೆ.

ಸಭೆಯಲ್ಲಿ ನಾದಿನಿ ತಾನು ಎಡವಿದ್ದನ್ನು ತಾನೇ ಎದ್ದು ನಿಂತು ಹೇಳಿದಳು.

ತಿಂಗಳುಗಳು ಉರುಳಿದವು. ಮಿನುಗು ಆರಿದ ಮೇಲೆ ದೊಡ್ಡ ದೂರದರ್ಶಕ ಅದೇ ಜಾಗವನ್ನು ಗಂಟೆಗಟ್ಟಲೆ ದಿಟ್ಟಿಸಿತು. ಚಿತ್ರ ಬಂದಾಗ ನಾದಿನಿ ಕಣ್ಣು ಮುಚ್ಚಿಕೊಂಡು, ನೀವೇ ಮೊದಲು ನೋಡಿ ಎಂದು ಹಟ ಹಿಡಿದಳು. ಅತ್ತಿಗೆ ಒಪ್ಪದೆ ಅವಳ ಕೈ ಸರಿಸಿದಳು. ಸುರುಳಿಯ ಅಂಚಿನಾಚೆ, ಮಿನುಗು ಇದ್ದ ಜಾಗದಲ್ಲೇ, ಗಾಜಿನ ಮೇಲೆ ಬೆರಳೊತ್ತಿದ ಗುರುತಿನಷ್ಟು ಮಸುಕಾಗಿ ಒಂದು ಪುಟ್ಟ ಗ್ಯಾಲಕ್ಸಿ! ಅದರ ದೂರ ಅಳೆದು ನೋಡಿದರೆ ಹಳೆಯ ಗೆರೆಗಳ ಲೆಕ್ಕಕ್ಕೆ ತಾಳೆಯಾಯಿತು. ಇಬ್ಬರೂ ತಬ್ಬಿಕೊಂಡರು.

ಮನೆಯಲ್ಲಿ ಅಣ್ಣ ಚಿತ್ರವನ್ನು ಹತ್ತಿರ ಹಿಡಿದ, ದೂರ ಹಿಡಿದ. ಇಷ್ಟೇನಾ, ಮೊದಲಿನದೇ ಲಕ್ಷಣವಾಗಿತ್ತು ಎಂದು ಗೊಣಗಿದ.

"ಲಕ್ಷಣ ನೋಡಿದ್ದಿದ್ರೆ ಅತ್ತಿಗೆ ನಿನ್ನನ್ನ ಒಪ್ತಿದ್ರಾ ಅಣ್ಣ?" ಎಂದಳು ನಾದಿನಿ.

ಅತ್ತಿಗೆ ನಗು ತಡೆಯಲಾರದೆ, ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಕುಳಿತೇಬಿಟ್ಟಳು.